ಎಣಿಸುವವನು

ಗುಡ್ಡಳ್ಳಿ ಹತ್ತುವ ದಿನ ನನ್ನನ್ನು ಸಾಲಿನ ಕೊನೆಗೆ ನಿಲ್ಲಿಸಿದರು.
"ಕಂಡಕ್ಟರ್ ಆಗಿದ್ದವರು ನೀವು, ಲೆಕ್ಕ ತಪ್ಪುದಿಲ್ಲ"
ಅಂದರು ಗ್ಲಾಡ್ಸನ್ ಮೇಷ್ಟ್ರು, ಕೊರಳಿಗೊಂದು ವಿಷಲ್ ಹಾಕಿ.
ಹಬ್ಬುವಾಡದ ತಿರುವಿನಲ್ಲಿ ಎಣಿಸಿದೆ: ಇಪ್ಪತ್ತೊಂದು.
ಮೂವರು ಮಕ್ಕಳು. ಅರ್ಧ ಟಿಕೆಟ್ಟಿನವರು,
ಎಲ್ಲರಿಗಿಂತ ಮುಂದೆ.

ಇಪ್ಪತ್ತೆಂಟು ವರ್ಷ ಕಾರವಾರ–ಅಂಕೋಲೆ ನಡುವೆ ನೇತಾಡಿದವ ನಾನು.
ದಿನಕ್ಕೆ ಆರು ಸಲ ಕಿಟಕಿಯಲ್ಲಿ ಗುಡ್ಡಗಳು ಓಡುತ್ತಿದ್ದವು.
ಅವಕ್ಕೆ ಇಷ್ಟೊಂದು ಕಲ್ಲುಗಳಿವೆಯೆಂದು
ಯಾರೂ ಹೇಳಿರಲಿಲ್ಲ.

ಕೊನೆಯವನಿಗೆ ಮುಖಗಳು ಸಿಗುವುದಿಲ್ಲ.
ಸಿಗುವುದು ಹಿಮ್ಮಡಿ, ಬೆನ್ನ ಮೇಲಿನ ಬೆವರ ನಕಾಶೆ,
ಸಹಕಾರಿ ಬ್ಯಾಂಕಿನ ಹೆಸರಿರುವ ಹಳೇ ಚೀಲ.
ಮತ್ತೆ, ಮುಂದಿನಿಂದ ದಾಟಿಬರುವ ಎಚ್ಚರಿಕೆಗಳು:
"ಬೇರು ನೋಡಿ", "ಜಾರ್ತದೆ, ನೋಡಿ", "ಮುಳ್ಳು ನೋಡಿ".
ಇಪ್ಪತ್ತು ಬಾಯಿ ದಾಟಿ ನನ್ನ ಹತ್ತಿರ ಬರುವಷ್ಟರಲ್ಲಿ
ಸವೆದು ಬರೀ "ನೋಡಿ" ಉಳಿದಿರುತ್ತದೆ.
ನೋಡಿದೆ.
ನನಗಿಂತಲೂ ಹಿಂದೆ ಒಂದು ಬಸವನಹುಳು.

ಅರ್ಧದಾರಿಯಲ್ಲಿ ಮಾಲಿನಿ ತಾಂಡೇಲ ಕೂತರು, ಕೂತೇಬಿಟ್ಟರು.
"ಪುರೊ. ನೀವು ನಡೀರಿ, ನಾ ಇಲ್ಲೇ ಇರ್ತೆ."
ನಡುದಾರಿಯಲ್ಲಿ ಯಾರನ್ನೂ ಇಳಿಸಿ ಹೋಗುವ ಪದ್ಧತಿ
ನಮ್ಮ ಡಿಪೋದಲ್ಲಿ ಇರಲಿಲ್ಲ.
ಇತ್ತು. ಒಮ್ಮೆ ನಾನೇ ಇಳಿಸಿದ್ದೇನೆ,
ಮೀನುಬುಟ್ಟಿ ನಾರ್ತದೆಂದು ಉಳಿದವರು ಗೊಣಗಿದರೆಂದು,
ಒಬ್ಬ ಹೆಂಗಸನ್ನು, ಅವರ್ಸೆಯ ಮಳೆಯಲ್ಲಿ.
ಟಿಕೆಟಿನ ದುಡ್ಡು ವಾಪಸ್ ಕೊಟ್ಟಿದ್ದೆ, ನೆನಪಿದೆ.
ಅದನ್ನವರಿಗೆ ಹೇಳಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತೆ.

ಡಬ್ಬಿ ತೆಗೆದರು: ಅವಲಕ್ಕಿ, ಒಣ ಸಿಗಡಿ ಚಟ್ನಿ.
"ವಾಸನೆ ಬರ್ತದೆ, ನಡೀತದಾ?"
ನಡೀತದೆ, ಅಂದೆ. ಎರಡು ಸಲ ಅಂದೆ.

ಮರಗಳ ಸಂದಿಯಲ್ಲಿ ಅಂಗೈಯಷ್ಟು ಕಡಲು.
ಕಾಳಿ ಅದನ್ನು ಸೇರುವ ಜಾಗ ಇಲ್ಲಿಂದ ಕಾಣದು.
ಮೇಲಿನಿಂದ ಕೂಗು ಕೇಳಿತು, ತುದಿ ಸಿಕ್ಕಿರಬೇಕು.
"ಅಲ್ಲಿಂದ ಕೂರ್ಮಗಡ, ದೀಪಸ್ತಂಭ, ಎಲ್ಲ ಕಾಣ್ತದಂತೆ.
ಅಂಚೆ ಕೌಂಟರಿನಿಂದ ನಂಗೆ ಮೂವತ್ತು ವರ್ಷ
ಗಡಿಯಾರ ಮಾತ್ರ ಕಾಣ್ತಿತ್ತು" ಅಂದು
ಅವರು ಚಪ್ಪಲಿ ಬಿಚ್ಚಿ, ಕಾಲು ಚಾಚಿ,
ಆ ಅಂಗೈಯಷ್ಟನ್ನೇ ನೋಡುತ್ತ ಉಳಿದರು.
ಒಂದು ದೋಣಿ ಅದರೊಳಗೆ ಬಂತು. ಹೋಗಲು ಬಹಳ ಹೊತ್ತು ಮಾಡಿತು.

ಇಳಿದ ಮೇಲೆ ಮತ್ತೆ ಎಣಿಸಿದೆ: ಇಪ್ಪತ್ತೊಂದು,
ಎಂದಿನಂತೆ ನನ್ನನ್ನು ಬಿಟ್ಟು.
ವಿಷಲ್ ಮರಳಿಸಿದೆ. ಊದಿರಲೇ ಇಲ್ಲ.

ರಾತ್ರಿ ಮೆಟ್ಟಿಲ ಮೇಲೆ ಕೂತು ಪ್ಯಾಂಟಿನ ಮಡಿಕೆ ಬಿಚ್ಚಿದರೆ
ಹುಲ್ಲಿನ ಬೀಜಗಳು, ಕೊಕ್ಕೆ ಹಾಕಿ ಕೂತಿವೆ,
ಟಿಕೆಟ್ಟಿಲ್ಲದೆ, ಇಷ್ಟು ದೂರ.
ಒಂದೊಂದೇ ಬಿಡಿಸಿದೆ. ಕಸದ ಡಬ್ಬಿಯ ತನಕ ಹೋದವ
ಹಾಕಲಿಲ್ಲ.
ಗೇಟಿನಾಚೆ ಮಣ್ಣು ಇನ್ನೂ ತಂಪಿತ್ತು.
ಅಲ್ಲಿ ಇಳಿಸಿದೆ.