ಮೂರನೇ ಮಹಡಿಯ ಹಗ್ಗ

ಗ್ರೋದ್ನೊ ಊರಿನ ನಮ್ಮ ವಠಾರಕ್ಕೆ
ಅಕ್ಟೋಬರಿನಲ್ಲಿ ಬಿಸಿಲು ಮೂರೇ ತಾಸು.
ಯಾದ್ವಿಗಾ ಆವತ್ತು ಒಣಹಾಕಿದ್ದು ಇಷ್ಟು:
ಒಂದು ಬಿಳಿ ದುಪ್ಪಟಿ,
ಮೊಮ್ಮಗನ ಕೆಂಪು ಟವೆಲ್ಲು,
ಇನ್ನೊಂದು ಬಿಳಿ ದುಪ್ಪಟಿ.

ನಿಷೇಧಿಸಿದ ಬಾವುಟದ ಬಣ್ಣ, ಎಂದರು ಬಂದ ಇಬ್ಬರು.
ಕೆಳಗೆ ನಿಂತು ಒಬ್ಬ ಫೋಟೋ ತೆಗೆದ;
ದುಪ್ಪಟಿ ಇನ್ನೂ ತೊಟ್ಟಿಕ್ಕುತ್ತಿತ್ತು
ಅವನ ಟೋಪಿಯ ಮೇಲೆ.
ಮೇಲೆ ಬಂದು ಕೇಳಿದರು:
"ಈ ಕ್ರಮದಲ್ಲಿ ಹಾಕಲು ಹೇಳಿದ್ದು ಯಾರು?"
"ಬಕೆಟ್ಟು," ಅಂದಳು.

ಸಾಕ್ಷಿ ಬೇಕಂತೆ.
ಪಕ್ಕದ ಬಾಗಿಲು ನನ್ನದು, ತೆರೆದಿತ್ತು.
ಕಂಡದ್ದನ್ನಷ್ಟೇ ಬರೆದುಕೊಟ್ಟೆ,
ಬಿಳಿ, ಕೆಂಪು, ಬಿಳಿ.
ಒಂದಕ್ಷರ ಸುಳ್ಳಿಲ್ಲ. ಮುತ್ತಿನಂಥ ಅಕ್ಷರ ಬೇರೆ,
ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದ ಕೈ.

ಒಂದು ತಿಂಗಳ ಪಿಂಚಣಿ ದಂಡಕ್ಕೆ ಹೋಯಿತು.

ಆಮೇಲೆ ಯಾರೂ ಏನೂ ಹೇಳಲಿಲ್ಲ,
ಗೋಡೆಗೆ ಆಜ್ಞೆ ಅಂಟಿಸಲಿಲ್ಲ.
ನಾವೇ ಬಟ್ಟೆಯನ್ನು ಒಳಗೆ ತಂದುಕೊಂಡೆವು,
ಕುರ್ಚಿಯ ಬೆನ್ನಿಗೆ, ಬಾಗಿಲ ಮೇಲಕ್ಕೆ.
ಮೆಟ್ಟಿಲ ತುಂಬ ಮುಗ್ಗಲು ವಾಸನೆ.
ಅಂಗಡಿಯ ಸ್ತೆಫಾನಿಯಾ ಕೇಳುವ ಮೊದಲೇ ಹೇಳುತ್ತಾಳೆ:
ಬೂದು ದುಪ್ಪಟಿ ಮುಗಿದಿದೆ, ಬುಧವಾರ ಬನ್ನಿ.

ಕುಂಬಳಕಾಯಿ ಕಳ್ಳ ಅಂದರೆ
ಹೆಗಲು ಮುಟ್ಟಿ ನೋಡಿಕೊಂಡವನೊಬ್ಬನಿದ್ದ.
ನಮಗೀಗ ಯಾರೂ ಅನ್ನುವುದೇ ಬೇಡ,
ಕೈ ಹೆಗಲ ಮೇಲೇ ಇರುತ್ತದೆ.

ನಾನಂತೂ ಬೀಟ್‌ರೂಟ್ ಸಾರಿಗೆ ಕೆನೆ ಹಾಕುವಾಗ
ಕಿಟಕಿಯ ಪರದೆ ಎಳೆಯುತ್ತೇನೆ.
ನಗು ಬರುತ್ತದೆ. ಪರದೆ ಸರಿಸುವುದಿಲ್ಲ.
ಅವರು ನೋಡಿದ್ದು ಒಂದು ಮಧ್ಯಾಹ್ನ;
ಅಲ್ಲಿಂದೀಚೆಗೆ ನೋಡುತ್ತಿರುವುದೆಲ್ಲ ನಾನೇ.

ನಿನ್ನೆ ಹಿಮ ಬಿತ್ತು.
ಯಾದ್ವಿಗಾ ಬಾಲ್ಕನಿಗೆ ಬಂದಳು ಬರಿಗೈಯಲ್ಲಿ,
ಹಗ್ಗದ ಮೇಲಿನ ಹಿಮ ಒರೆಸಿ
ಮೂರು ಕ್ಲಿಪ್ಪು ಸಿಕ್ಕಿಸಿದಳು,
ಬಟ್ಟೆಯಿಲ್ಲದೆ.
ಒಳಗೆ ಹೋದಳು.

ಅದೇ ಟೋಪಿಯವನು ಬಂದ.
ಕತ್ತೆತ್ತಿ ಬಹಳ ಹೊತ್ತು ನೋಡಿದ.
ಬರೆಯಹೋದರೆ ಪೆನ್ನು ಹೆಪ್ಪುಗಟ್ಟಿತ್ತು,
ಬಾಯಿಂದ ಊದಿದ, ಕೊಡವಿದ,
ಕೊನೆಗೆ ನನ್ನ ಬಾಗಿಲು ತಟ್ಟಿದ:
"ಟೀಚರ್, ಏನು ಕಾಣುತ್ತದೋ ನೀವೇ ಬರೆದುಕೊಡಿ."

ಕನ್ನಡಕ ಹಾಕಿಕೊಂಡು ಹೋಗಿ ನೋಡಿದೆ.
ಏನೂ ಇಲ್ಲ.
ಏನೂ ಇಲ್ಲದ ಕಡೆ ಗೆರೆ ಹೊಡೆಯುವುದು ನಮ್ಮ ಶಾಲೆಯ ಪದ್ಧತಿ.
ಮನೆಯಲ್ಲಿದ್ದದ್ದು ಕಾಪಿ ತಿದ್ದುವ ಕೆಂಪು ಪೆನ್ನು.
ಅವನು ಚಾಚಿದ ಬಿಳಿ ಹಾಳೆಯ ನಟ್ಟನಡುವೆ
ಈ ಅಂಚಿನಿಂದ ಆ ಅಂಚಿಗೆ,
ಸಾವಕಾಶವಾಗಿ,
ಒಂದು ದಪ್ಪ ಗೆರೆ ಎಳೆದುಕೊಟ್ಟೆ.