ಮುಹರ್ರಕ್‌ನಲ್ಲಿ ಒಬ್ಬ ಕರ್ನಲ್

ಹದಿನೆಂಟು ವರ್ಷದಿಂದ ಇಲ್ಲಿ ಚೌಕಟ್ಟು ಕಟ್ಟುತ್ತಿದ್ದೇನೆ:
ಶೇಖ್‌ಗಳ ಗಿಡುಗ, ಮಲಯಾಳಿಗಳ ಮದುವೆ,
ಒಮ್ಮೆ ಒಂದು ಒಂಟೆಯ ಸರ್ಟಿಫಿಕೇಟು.
ಕರ್ನಲ್ ಬಂದದ್ದು ಇದೇ ಮೊದಲು.

ತಂದವಳು ಇತ್ಸೆಲ್, ಎಣ್ಣೆ ಕಂಪನಿಯ ಇಂಜಿನಿಯರು.
“ನನ್ನ ಅಜ್ಜಿಯ ಅಜ್ಜ. ಎವಾರಿಸ್ತೊ ಉರ್ಕಿದಿ.
ನಮ್ಮದೂ ಗಲ್ಫೇ ಮಾರಾಯ,
ಮೆಕ್ಸಿಕೊದ್ದು. ಆಲ್ವಾರಾದೊ ಅಂತ ಊರು.”
ಮಾರಾಯ ಅನ್ನಲಿಲ್ಲ ಅವಳು. ನನಗೆ ಹಾಗೆ ಕೇಳಿತು.

ಗಾಜು ತೆಗೆದು ಹತ್ತಿಯಲ್ಲಿ ಒರೆಸಿದೆ.
ನಡುಪಟ್ಟಿ ಈಗ ಹಸಿರು;
ದೀಪ ಓರೆಯಾಗಿ ಹಿಡಿದರೆ ಒಳಗೆ ಕೆಂಪು.
ಎದೆಯ ಹದ್ದಿಗೆ ಕಿರೀಟವಿಲ್ಲ. ಇತ್ತು, ಹೆರೆದಿದ್ದಾರೆ.
ಸರಕಾರ ಬದಲಾದಾಗಲೆಲ್ಲ
ಅದೇ ಚಿತ್ರಕಾರನಿಗೆ ಹೇಳಿಕಳಿಸಿದರಂತೆ,
ಊಟ ಹಾಕಿ, ಅರ್ಧ ಕೂಲಿ ಕೊಟ್ಟು.
ಮೀಸೆಯೊಂದೇ ಮೂರೂ ಸರಕಾರದ್ದು.

ಹನ್ನೆರಡಕ್ಕೆ ದಂಡಿನ ನಗಾರಿ ಹೊತ್ತ ಹುಡುಗ,
ಇಪ್ಪತ್ತಕ್ಕೆ ಕುದುರೆ,
ಮೂವತ್ತೊಂದಕ್ಕೆ ಸೋತ ಕಡೆಯವನು, ಗೆದ್ದ ಕಡೆಯವನು,
ಎರಡೂ ಒಂದೇ ಚಳಿಗಾಲದಲ್ಲಿ.
ಹನ್ನೊಂದು ತಿಂಗಳು ಗವರ್ನರು.
ಆಮೇಲೆ ಸಭೆಯಲ್ಲಿ ಸದಸ್ಯ, ಗಂಟೆಗಟ್ಟಲೆ ಭಾಷಣ,
ಹೆಣ್ಣುಮಕ್ಕಳ ಶಾಲೆಗೆ ಮೊದಲ ಕಲ್ಲು.
ಹಳದಿಜ್ವರದಲ್ಲಿ ಹೆಂಡತಿಯನ್ನೂ
ಇಸ್ಪೀಟಿನಲ್ಲಿ ಮನೆಯನ್ನೂ ಕಳೆದು
ನಾದಿನಿಯ ಅಡುಗೆಮನೆಯಲ್ಲಿ, ಮೀನು ಬಿಡಿಸುತ್ತಾ ಸತ್ತ.

ಬಲಗೈ ಪುಸ್ತಕದ ಮೇಲಿದೆ.
ಪುಸ್ತಕದ ಕೆಳಗೆ, ಬಣ್ಣ ಸವೆದಲ್ಲಿ,
ಪಿಸ್ತೂಲಿನ ಹಿಡಿ.

ಇತ್ಸೆಲ್ ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಸುಂಕದ ಕಟ್ಟೆಯ ಗೋಡೆಗೆ
ಒಂಬತ್ತು ಜನರನ್ನು ಮುಖಮಾಡಿ ನಿಲ್ಲಿಸಿದ್ದರಂತೆ.
ಅವನು ಬಂದೂಕು ಮುಟ್ಟಲಿಲ್ಲ. ಒಂದು ಮಾತು ಅಂದ, ಅಷ್ಟೆ.
ಅವಳು ಅದನ್ನು ತನ್ನ ಭಾಷೆಯಲ್ಲಿ ಅಂದಳು,
ನಾನು ನನ್ನದರಲ್ಲಿ ಅಂದುಕೊಂಡೆ:
ಕೊಲ್ಲಿ.
ಬಹುವಚನದಲ್ಲಿ, ಮರ್ಯಾದೆಯಿಂದ.

ಅಂದುಕೊಂಡು ಬೆಚ್ಚಿದೆ.
ಊರಿನ ಪೇಪರು ನಮ್ಮನ್ನು ಕರೆಯುವುದು ಹಾಗೇ ಅಲ್ಲವೇ,
ಕೊಲ್ಲಿ ಕನ್ನಡಿಗರು ಅಂತ;
ಇಷ್ಟು ವರ್ಷ ಆ ಪದದೊಳಗೇ ಉಂಡು ಮಲಗಿದ್ದೇನೆ,
ಒಮ್ಮೆಯೂ ದೀಪ ಓರೆಮಾಡಿ ನೋಡಲಿಲ್ಲ.

“ಚಿನ್ನದ ಬಣ್ಣ ಬೇಡ,” ಅಂದಳು. “ಸಾದಾ ಮರ ಸಾಕು.”
ಹದಿನಾಲ್ಕು ದಿನಾರು. ಗುರುವಾರ ಬನ್ನಿ.

ಹಿಂಬದಿಗೆ ಹೊಸ ಬಟ್ಟೆ ಅಂಟಿಸಿ
ಷಟರ್ ಎಳೆಯುವ ಮೊದಲು
ಕರ್ನಲನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದೆ.
ಬೇರೇನಲ್ಲ.
ಅಂಟು ಒಣಗಬೇಕು.