ಹಿಮ್ಮಡಿಯ ಅಳತೆ

ಇಪ್ಪತ್ತು ದಿನದಿಂದ ಒಂದು ಕ್ಯಾರಿಯರ್ ಆರಿಸುತ್ತಿದ್ದೇನೆ.
ನನ್ನನ್ನು ಒಪ್ಪಿದ್ದು ಒಂದೇ ಮಧ್ಯಾಹ್ನದಲ್ಲಿ, ಅಂದರು ಗಂಡ,
ಪೇಪರಿನಿಂದ ತಲೆಯೆತ್ತದೆ.

ನನ್ನ ಕೆಲಸ ಹಲ್ಲಿನದು.
ಟಮಕದ ಹತ್ತಿರ, ಷಟರ್ ಅರ್ಧ ಎಳೆದ ಕೋಣೆಯಲ್ಲಿ
ಕೋಲಾರದ ಬಾಯಿಗಳು ಪ್ಲಾಸ್ಟರಾಗಿ ಕೂತಿರುತ್ತವೆ ಸಾಲಾಗಿ,
ಮೇಲ್ದವಡೆ, ಕೆಳದವಡೆ, ಒಂದೊಂದರ ಬುಡಕ್ಕೂ ಪೆನ್ಸಿಲಿನಲ್ಲಿ ಹೆಸರು.
ಬೆಳಿಗ್ಗೆ ಪೇಟೆಯ ಕ್ಲಿನಿಕ್ಕುಗಳಿಂದ ಅಚ್ಚು ಹೊತ್ತು ಹೋಗುತ್ತೇನೆ,
ಸಂಜೆ ಹಲ್ಲು ಹೊತ್ತು ಬರುತ್ತೇನೆ.
ನಡುವೆ ಸೈಕಲ್ಲು.

ಹಳೆಯ ಕ್ಯಾರಿಯರಿನದು ಇಲಿಬೋನಿನ ಸ್ಪ್ರಿಂಗು:
ಬೆರಳು ಕಂಡರೆ ಕಚ್ಚುತ್ತದೆ, ಡಬ್ಬಿ ಕಂಡರೆ ಬಿಡುತ್ತದೆ.
ಹೋದ ತಿಂಗಳು ಡೂಂಲೈಟ್ ಸರ್ಕಲ್ ದಾಟಿದ ಮೇಲಿನ ಹಂಪಿನಲ್ಲಿ
ಡಬ್ಬಿ ಹಾರಿ, ಸೀತಿಯ ಮೇಷ್ಟ್ರೊಬ್ಬರ ಎರಡು ದವಡೆ ಹಲ್ಲು
ರಸ್ತೆಯ ಪಾಲಾಯಿತು.
ಪಾಪ, ಅವರು ಇನ್ನೊಮ್ಮೆ ಬಸ್ಸು ಹತ್ತಿ ಬಂದು
ಇನ್ನೊಮ್ಮೆ ಬಾಯಿ ತೆರೆದರು.

ಬೆನ್ನಿಗೆ ಚೀಲ ಹಾಕಿ ನೋಡಿದೆ.
ಏಪ್ರಿಲ್ಲಿನ ಬಿಸಿಲು, ನನ್ನ ಬೆನ್ನು, ಒಳಗೆ ಮೇಣ:
ಯಾರೋ ಕಚ್ಚಿ ಕೊಟ್ಟ ಗುರುತು ಟಮಕ ಮುಟ್ಟುವಷ್ಟರಲ್ಲಿ
ಏನನ್ನೂ ಕಚ್ಚಿರಲೇ ಇಲ್ಲ ಎಂಬಂತೆ ನುಣ್ಣಗಾಗಿತ್ತು.
ಮುಂದಿನ ಬುಟ್ಟಿಯೂ ಆಯಿತು. ಭಾರ ಬಿದ್ದರೆ ಹ್ಯಾಂಡಲ್ಲು
ತನಗೆ ಬೇಕಾದ ಬೀದಿಗೆ ತಿರುಗುತ್ತದೆ.

ಶೋರೂಮಿನ ಹುಡುಗ ಅಲ್ಯೂಮಿನಿಯಂ ತೋರಿಸಿದ.
ಇಪ್ಪತ್ತೈದು ಕೇಜಿ ತಡೆಯುತ್ತೆ ಮೇಡಂ. ಎತ್ತಿದರೆ ಪೀಪಿಯಷ್ಟೇ ಹಗುರ.
ಆಮೇಲೆ ನನ್ನ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು
ಮೆಲ್ಲಗೆ ಅಂದ: ಇದಕ್ಕೆ ಬೋಲ್ಟು ಹಾಕೋ ಕಿವೀನೇ ಇಲ್ಲ.
ಹನ್ನೊಂದು ವರ್ಷ ನಾನು ಬೈದದ್ದೆಲ್ಲ
ಹಾಗಾದರೆ ಗಾಳಿಗೆ.

ಕಿವಿ ಬೆಸೆದುಕೊಟ್ಟವನು ಯಲ್ಲಪ್ಪಾಚಾರಿ.
ಕಬ್ಬಿಣದ್ದೇ ತಗೊಳ್ಳಮ್ಮಾ, ಭಾರ ಐತೆ, ನಿಜ.
ಮುರಿದ್ರೆ ನನ್ನ ತಾವ ಬಾ. ಆ ಬೆಳ್ಳಗಿರೋದು ಮುರಿದ್ರೆ
ಕೂತು ಅಳಬೇಕು, ಅಷ್ಟೆ.
ಕಪ್ಪು ಬಣ್ಣ ಒಣಗುವ ಮೊದಲೇ ಮುಟ್ಟಿದೆ.
ನನ್ನ ಹೆಬ್ಬೆಟ್ಟು ಈಗಲೂ ಅದರ ಮೇಲಿದೆ.

ಚೀಲಕ್ಕೆ ಅಮಾನುಲ್ಲಾ. ಆಟೋ ಸೀಟು ಹೊಲಿಯುವವರು.
ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಹತ್ತು ಎಂದರು, ತುಳಿ ಎಂದರು,
ನಡುಬೀದಿಯಲ್ಲಿ ಎಲ್ಲಿಗೂ ಹೋಗದೆ ತುಳಿದೆ.
ಅವರು ಸೀಮೆಸುಣ್ಣ ಹಿಡಿದು, ನನ್ನ ಹಿಮ್ಮಡಿ
ಹಿಂದಕ್ಕೆ ಎಲ್ಲಿಯವರೆಗೆ ಬರುತ್ತದೆಂದು ಗೀಟು ಹಾಕಿದರು.
ರವಿಕೆಗೆ ಅಳತೆ ಕೊಟ್ಟಿದ್ದೇನೆ, ಬಳೆಗೆ, ಕನ್ನಡಕಕ್ಕೆ.
ಕಾಲು ಹಿಂದಕ್ಕೆ ಬರುವ ಜಾಗವನ್ನು ಯಾರೂ ಅಳೆದಿರಲಿಲ್ಲ.
ಆ ಮೂಲೆಯನ್ನು ಓರೆಯಾಗಿ ಕತ್ತರಿಸಿದರು.

ಜೋಡಿ ಚೀಲ, ಟಾರ್ಪಾಲಿನ ಹಸಿರು.
ಎಡಕ್ಕೆ ಊರವರ ದವಡೆ, ಹಳೆ ದುಪಟ್ಟಾದಲ್ಲಿ ಸುತ್ತಿ.
ಅಷ್ಟೇ ತೂಕ ಬಲಕ್ಕೂ ಬೇಕಲ್ಲ?
ನೀರು, ಮಳೆಕೋಟು, ಎರಡು ಮುದ್ದೆ, ಬಸ್ಸಾರು.
ಒಂದು ಕಡೆ ಹಲ್ಲು,
ಒಂದು ಕಡೆ ಹಲ್ಲೇ ಬೇಡದ ಊಟ,
ನಡುವೆ ನಾನು ತುಳಿಯುತ್ತೇನೆ ನೆಟ್ಟಗೆ.
ಸಂಜೆ ಮುದ್ದೆ ಹೊಟ್ಟೆಗಿಳಿದು ಬಲ ಹಗುರಾಗುತ್ತದೆ.
ತೂಕಕ್ಕೆಂದೇ ಟೊಮೆಟೊ ಕೊಳ್ಳುತ್ತೇನೆ, ಒಂದೂವರೆ ಕೇಜಿ.
ಮನೆಯಲ್ಲಿ ವಾರವೆಲ್ಲ ಗೊಜ್ಜು.

ಹಂಪಿನಲ್ಲಿ ನಿನ್ನೆ ಬೇಕೆಂದೇ ಬ್ರೇಕು ಹಾಕಲಿಲ್ಲ.
ಒಳಗೆ ದವಡೆಗಳು ಒಮ್ಮೆ ಕಟಕ್ಕೆಂದು ಸುಮ್ಮನಾದವು.

ಬಾಯಿಗೆ ಬಕಲ್ ಹಾಕಲೋ, ಜಿಪ್ಪೋ? ಅಮಾನುಲ್ಲಾ ಕೇಳಿದರು.
ಇನ್ನು ಇಪ್ಪತ್ತು ದಿನ ನನ್ನ ಕೈಲಾಗದು.
ಸದ್ಯಕ್ಕೆ ದಾರ ಸಾಕು ಎಂದೆ.
ಗಂಟು ಬಿಗಿದರೆ ಹಲ್ಲಿನಲ್ಲಿ ಬಿಚ್ಚುತ್ತೇನೆ.
ನನ್ನವು ಇನ್ನೂ ಗಟ್ಟಿ ಇವೆ.